ಕಬ್ಬಿಣದ ಮೇಲಿನ ಹಾರೈಕೆ

ಮನುಷ್ಯನಿಗೆ ಬರಿಯ ವಸ್ತುವಿನಿಂದ ತೃಪ್ತಿಯಿಲ್ಲ. ನೀರು ಕುಡಿಯುವ ಚೊಂಬಿನ ಕಂಠಕ್ಕೆ ಒಂದು ಬಳ್ಳಿಯನ್ನು ಕೆತ್ತಿಸುತ್ತಾನೆ. ದಿನವೂ ದಾಟುವ ಹೊಸಲಿಗೆ ಅರಿಸಿನ ಕುಂಕುಮ ಬೇಕು. ಮಣ್ಣು ಹೊರುವ ಲಾರಿಯ ಹಿಂಭಾಗದಲ್ಲಿಯೂ ಒಂದು ಕಮಲ ಅರಳಬೇಕು. ದೂರ ಹೋಗುವುದೇಕೆ? ವರ್ಷವೆಲ್ಲ ಪಠ್ಯಪುಸ್ತಕದ ಮುಖವನ್ನು ಕಾಣದ ನಮ್ಮ ಕಾಲೇಜಿನ ಮಹನೀಯರು ಕೂಡ ಉತ್ತರ ಪತ್ರಿಕೆಯ ನೆತ್ತಿಯ ಮೇಲೆ 'ಶ್ರೀ' ಎಂದು ಬರೆಯುವುದನ್ನು ಮಾತ್ರ ಮರೆಯುವುದಿಲ್ಲ. ಅದರಿಂದ ಒಂದು ಅಂಕವಾದರೂ ಹೆಚ್ಚಿದ ಉದಾಹರಣೆ ಇದ್ದರೆ ಅಧ್ಯಾಪಕರೇ ಹೇಳಬೇಕು. ಆದರೂ ಬರೆಯುತ್ತೇವೆ. ಈ ಚಿಹ್ನೆಗಳಿಗೆ ಅರ್ಥವೆಂಬುದು ಎಲ್ಲಿಂದ ಬರುತ್ತದೆ? ಅವು ಮಾತು ಕೊಟ್ಟದ್ದು ನಡೆಯದೆ ಹೋದಾಗ ಅವುಗಳನ್ನು ಸುಳ್ಳೆನ್ನಬೇಕೇ? ನನ್ನಲ್ಲಿ ಈ ಪ್ರಶ್ನೆಯನ್ನು ಎಬ್ಬಿಸಿದ್ದು ಜಪಾನ್ ದೇಶದ ಎರಕದ ಕಬ್ಬಿಣದ ಒಂದು ಟೀ ಪಾತ್ರೆ. ಆದಕಾರಣ ಮೊದಲು ಆ ಪಾತ್ರೆಯ ಕುಲಗೋತ್ರವನ್ನು ಹೇಳಿಬಿಡುತ್ತೇನೆ.

ಈ ಪಾತ್ರೆಗಳಲ್ಲಿ ಎರಡು ಜಾತಿಗಳುಂಟು. ಒಂದು 'ತೆತ್ಸುಬಿನ್'. ಇದು ಒಲೆಯ ಮೇಲಿಟ್ಟು ನೀರು ಕಾಯಿಸುವ ಪಾತ್ರೆ. ನಮ್ಮ ಗಿಂಡಿಯ ಹಾಗೆ ಮೂತಿ, ಮೇಲೆ ಕಮಾನಿನಂಥ ಹಿಡಿ. ಇದರ ಒಳಮೈ ಬರಿಯ ಕಬ್ಬಿಣ. ಇನ್ನೊಂದು 'ಕ್ಯೂಸು'. ಇದು ಚಿಕ್ಕದು, ಒಳಗೆ ಎನಾಮಲ್ ಹಚ್ಚಿರುತ್ತದೆ, ಬೇರೆಡೆ ಕಾಯಿಸಿದ ನೀರನ್ನು ಸೊಪ್ಪಿನ ಮೇಲೆ ಸುರಿದು ಚಹವನ್ನು ಇಳಿಸುವುದಕ್ಕೆ ಮಾತ್ರ. ಇದನ್ನು ಉರಿಯ ಮೇಲೆ ಇಡಕೂಡದು. ಇವೆರಡಕ್ಕೂ ಹೆಸರಾದ ಸೀಮೆ ಜಪಾನಿನ ಈಶಾನ್ಯದ ಇವಾತೆ ಪ್ರಾಂತ. ಅಲ್ಲಿ ಕಬ್ಬಿಣದ ಅದುರು, ಇದ್ದಿಲು, ಅಚ್ಚಿಗೆ ಬೇಕಾದ ಮರಳು, ಮಣ್ಣು ಎಲ್ಲವೂ ಕೈಗೆಟಕುವಂತೆ ಇದ್ದವು. 17ನೆಯ ಶತಮಾನದಲ್ಲಿ ಮೊರಿಯೋಕ ಪಟ್ಟಣದ ನಾಂಬು ವಂಶದ ಪಾಳೆಯಗಾರರು ಕ್ಯೋತೊ ನಗರದಿಂದ ಎರಕದ ಕುಶಲಿಗಳನ್ನು ಕರೆಯಿಸಿಕೊಂಡರು. ಹಾಗೆ ಬಂದ ಕೊಯಿಜುಮಿ ಮನೆತನದ ಮೂರನೆಯ ತಲೆಯವನು 18ನೆಯ ಶತಮಾನದಲ್ಲಿ, ಚಹಾವಿಧಿಯಲ್ಲಿ ಬಳಸುತ್ತಿದ್ದ ದೊಡ್ಡ ಹಂಡೆಯನ್ನು ಕಿರಿದು ಮಾಡಿ, ಅದಕ್ಕೆ ಮೂತಿ ಹಿಡಿಗಳನ್ನು ಕೂಡಿಸಿ ತೆತ್ಸುಬಿನ್ ಅನ್ನು ರೂಪಿಸಿದನೆಂದು ಹೇಳುತ್ತಾರೆ. ಇವಾತೆಯಲ್ಲಿಯೇ ಇರುವ ಮಿಜುಸಾವಾದ ಎರಕದವರ ಪರಂಪರೆ ಇದಕ್ಕಿಂತಲೂ ಹಳೆಯದು. 12ನೆಯ ಶತಮಾನದಷ್ಟು ಹಿಂದಿನದೆಂದು ಪ್ರತೀತಿ.

ಇನ್ನು ಅಲಂಕಾರದ ಮಾತು. ತೆತ್ಸುಬಿನ್ ಎಂದೊಡನೆ ಕಣ್ಣಿಗೆ ಕಟ್ಟುವುದು ಮೈತುಂಬ ಎದ್ದಿರುವ ಸಣ್ಣ ಸಣ್ಣ ಗುಳ್ಳೆಗಳ ಸಾಲು. ಇದಕ್ಕೆ 'ಅರಾರೆ', ಎಂದರೆ ಆಲಿಕಲ್ಲು, ಎಂದು ಹೆಸರು. ಚಳಿನಾಡಿನ ಜನ ಬಿಸಿನೀರಿನ ಪಾತ್ರೆಯ ಮೇಲೆ ಆಲಿಕಲ್ಲಿನ ಮಳೆಯನ್ನು ಸುರಿಸಿದ್ದಾರೆ! ಈ ಗುಳ್ಳೆಗಳನ್ನು ಕಬ್ಬಿಣದ ಮೇಲೆ ಕೆತ್ತುವುದಿಲ್ಲ. ಮರಳು ಮಣ್ಣುಗಳ ಅಚ್ಚು ಇನ್ನೂ ಹಸಿಯಾಗಿರುವಾಗಲೇ ಅದರ ಒಳಗೋಡೆಯಲ್ಲಿ ಕಡ್ಡಿಯ ತುದಿಯಿಂದ ಒಂದೊಂದಾಗಿ ಕುಳಿಗಳನ್ನು ಒತ್ತಬೇಕು. ಕುಳಿಯಾದದ್ದು ಎರಕದಲ್ಲಿ ಗುಳ್ಳೆಯಾಗಿ ಏಳುತ್ತದೆ. ದೊಡ್ಡ ಪಾತ್ರೆಯೊಂದಕ್ಕೆ ಇಂಥವು ಸಾವಿರಾರು ಬೇಕು. ಒಂದು ಸಾಲು ಕೂದಲೆಳೆಯಷ್ಟು ಓರೆಯಾದರೂ ಮೇಲಿನ ಸಾಲುಗಳೆಲ್ಲ ಅದರ ಹಿಂದೆ ಓರೆಯಾಗುತ್ತವೆ. ಅಚ್ಚು ಒಣಗುವುದರೊಳಗೆ ಕೆಲಸ ಮುಗಿಯಬೇಕು. ಅಂಗಳದಲ್ಲಿ ಚುಕ್ಕಿ ರಂಗೋಲಿ ಇಟ್ಟು ಬಲ್ಲವರಿಗೆ ಈ ಕಷ್ಟ ಎಂಥದೆಂದು ನಾನು ವಿವರಿಸಬೇಕಾಗಿಲ್ಲ. ಇಷ್ಟೆಲ್ಲ ಆದ ಮೇಲೆ ಕರಗಿದ ಕಬ್ಬಿಣವನ್ನು ಎರೆಯುತ್ತಾರೆ. ಅಚ್ಚಿನಿಂದ ಬಿಡಿಸಿದ ಪಾತ್ರೆಯನ್ನು ಇದ್ದಿಲ ಬೆಂಕಿಯಲ್ಲಿ ಮತ್ತೊಮ್ಮೆ ಕೆಂಪಗೆ ಕಾಯಿಸುತ್ತಾರೆ. ಆಗ ಒಳಗೆ ಮೂಡುವ ತೆಳುವಾದ ಪೊರೆ ತುಕ್ಕನ್ನು ತಡೆಯುತ್ತದೆ.

ಆಲಿಕಲ್ಲು ಕಣ್ಣಿಗೆ ಮಾತ್ರ ಸಂಬಂಧಿಸಿದುದು. ಉಳಿದ ಚಿತ್ರಗಳ ಹಿಂದೆ ಒಂದೊಂದು ಮಾತಿದೆ. ಪೈನ್ ಮರ, ಬಿದಿರು, ಪ್ಲಮ್ ಹೂವು ಈ ಮೂರನ್ನು ಕೂಡಿಸಿ ಬರೆಯುವುದು ಬಹು ಬಳಕೆಯಲ್ಲಿದೆ. ಚೀನಾದಿಂದ ಬಂದ ಈ ಕಲ್ಪನೆಯಲ್ಲಿ ಇವು ಮೂರೂ ಚಳಿಗಾಲದ ಗೆಳೆಯರು. ಪೈನ್ ಮರ ಹಿಮದಲ್ಲಿಯೂ ಹಸುರನ್ನು ಬಿಡದು. ಬಿದಿರು ಹಿಮದ ಭಾರಕ್ಕೆ ಬಾಗುತ್ತದೆ, ಮುರಿಯದು. ಪ್ಲಮ್ ಗಿಡ ಚಳಿ ಹೋಗುವ ಮೊದಲೇ ಹೂ ಬಿಡುತ್ತದೆ. ಕಷ್ಟಕಾಲದಲ್ಲಿ ಮನುಷ್ಯ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವುಂಟೆ? ಆದರೆ ಇದೇ ತ್ರಿಮೂರ್ತಿಗಳು ಜಪಾನಿನ ಹೋಟೆಲುಗಳಲ್ಲಿ ಊಟದ ದರ್ಜೆಯ ಹೆಸರುಗಳೂ ಆಗಿವೆ. ಸಾಮಾನ್ಯವಾಗಿ 'ಪೈನ್' ಎಂದರೆ ಹೆಚ್ಚು ಬೆಲೆಯ ಊಟ, 'ಬಿದಿರು' ನಡುವಣದು, 'ಪ್ಲಮ್' ಎಂದರೆ ನಮ್ಮಂಥ ವಿದ್ಯಾರ್ಥಿಗಳ ಜೇಬಿಗೆ ಒಗ್ಗುವಂಥದು. ಸದ್ಗುಣಗಳಿಗೆ ಹೀಗೆ ಬೆಲೆಪಟ್ಟಿ ಕಟ್ಟಿದವರು ಬೇರೆ ಯಾರಾದರೂ ಇದ್ದಾರೋ ಕಾಣೆ.

ಕೆಲವು ಚಿಹ್ನೆಗಳು ಪೂರ್ತಿಯಾಗಿ ಶಬ್ದದ ಆಟ. ನಮ್ಮ ಕನ್ನಡ ಅಧ್ಯಾಪಕರು ಶ್ಲೇಷಾಲಂಕಾರವನ್ನು ಪಾಠ ಮಾಡುವಾಗ ಇವನ್ನೂ ಉದಾಹರಿಸಬಹುದು. ಜಪಾನೀಯರು ಆರು ಸೋರೆಬುರುಡೆಗಳನ್ನು ಒಟ್ಟಿಗೆ ಬರೆಯುತ್ತಾರೆ. 'ಆರು ಬುರುಡೆ' ಎಂಬುದನ್ನು ಅವರ ಭಾಷೆಯಲ್ಲಿ 'ಮುಬ್ಯೋ' ಎಂದು ಓದಬಹುದು. 'ರೋಗವಿಲ್ಲದಿರುವುದು' ಎಂಬುದಕ್ಕೂ ಅದೇ ಉಚ್ಚಾರ. ಆರು ಬುರುಡೆ ಬರೆದರೆ ಆರೋಗ್ಯವನ್ನು ಹಾರೈಸಿದಂತಾಯಿತು. ಬದನೆಕಾಯಿಗೆ 'ನಾಸು' ಎನ್ನುತ್ತಾರೆ. 'ಸಾಧಿಸು' ಎಂಬ ಕ್ರಿಯಾಪದವೂ 'ನಾಸು' ಎಂದೇ ಕೇಳಿಸುತ್ತದೆ. ಹೊಸ ವರ್ಷದ ಮೊದಲ ಕನಸಿನಲ್ಲಿ ಫ್ಯೂಜಿ ಪರ್ವತ, ಗಿಡುಗ, ಬದನೆಕಾಯಿ ಇವುಗಳಲ್ಲೊಂದು ಕಂಡರೆ ಶುಭವೆಂಬ ನಂಬಿಕೆ ಅಲ್ಲಿದೆ. ಫ್ಯೂಜಿ ಪರ್ವತದ ಆಕಾರದ ತೆತ್ಸುಬಿನ್‌ಗಳೇ ಉಂಟು. ಗುಡಾಣದಂಥ ಕೆಳಭಾಗದಿಂದ ಇಳಿಜಾರಾಗಿ ಮೇಲೇರಿ ಮುಚ್ಚಳದಲ್ಲಿ ಮುಗಿಯುವ ಆ ಪಾತ್ರೆಯಲ್ಲಿ ನೀರು ಕುದಿದಾಗ ಅಗ್ನಿಪರ್ವತಕ್ಕೆ ಜೀವ ಬಂದಂತೆ ತೋರುತ್ತಿರಬೇಕು.

ಮತ್ತೆ ಕೆಲವು ಆ ಸೀಮೆಯ ಬದುಕಿನಿಂದಲೇ ಬಂದವು. ನಾಂಬು ಸೀಮೆ ಕುದುರೆಗಳಿಗೆ ಪ್ರಸಿದ್ಧ. ಜೂನ್ ತಿಂಗಳಲ್ಲಿ ಅಲ್ಲಿ ಕುದುರೆಗಳಿಗೆ ಗೆಜ್ಜೆಕಟ್ಟಿ ಮೆರವಣಿಗೆ ಮಾಡುವ ಹಬ್ಬ ಇಂದಿಗೂ ನಡೆಯುತ್ತದೆ. ಆದುದರಿಂದ ಮೊರಿಯೋಕದ ಪಾತ್ರೆಗಳ ಮೇಲೆ ಓಡುವ ಕುದುರೆ ಕಂಡರೆ ಅದು ಪುರಾಣದ ಕುದುರೆಯಲ್ಲ, ಊರಿನ ಕುದುರೆ. ನಮ್ಮ ಹುಡುಗರು ಏರೋಪ್ಲೇನ್ ಚಿಟ್ಟೆ ಎಂದು ಕರೆದು ಬಾಲಕ್ಕೆ ದಾರ ಕಟ್ಟುವ ಹುಳುವಿಗೆ ಅಲ್ಲಿ 'ಜಯದ ಹುಳು' ಎಂಬ ಬಿರುದು. ಅದು ಮುಂದಕ್ಕೇ ಹಾರುವುದು, ಹಿಂದೆಗೆಯದು ಎಂದು ಹಿಂದಿನ ಯೋಧರು ಅದನ್ನು ಶಿರಸ್ತ್ರಾಣದ ಮೇಲೆ ಧರಿಸುತ್ತಿದ್ದರು. ಇನ್ನು ಸಾರಸಪಕ್ಷಿ ಮತ್ತು ಆಮೆ. ಸಾರಸಕ್ಕೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ ಆಯುಸ್ಸೆಂದು ಅಲ್ಲಿಯ ಗಾದೆ. ಮದುವೆಗೆ, ಹಿರಿಯರ ಹುಟ್ಟುಹಬ್ಬಕ್ಕೆ ಕೊಡುವ ಪದಾರ್ಥಗಳ ಮೇಲೆ ಈ ಜೋಡಿ ತಪ್ಪದೆ ಕಾಣಿಸಿಕೊಳ್ಳುತ್ತದೆ.

ಬಣ್ಣದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಈಗ ಈ ಪಾತ್ರೆಗಳು ಕೆಂಪು, ನೀಲಿ, ಹಸುರು, ನೇರಿಳೆ, ಹೊಂಬಣ್ಣಗಳಲ್ಲಿ ದೊರೆಯುತ್ತವೆ. ಮಾರುವವರು ಜೊತೆಗೊಂದು ಚೀಟಿಯನ್ನೂ ಇಡುವುದುಂಟು: ಕೆಂಪು ಅದೃಷ್ಟಕ್ಕೆ, ನೀಲಿ ಶಾಂತಿಗೆ, ಹಸುರು ಆರೋಗ್ಯಕ್ಕೆ ಎಂಬ ಧಾಟಿಯಲ್ಲಿ. ಓದಿದರೆ ಇದೆಲ್ಲ ಸಾಮುರಾಯಿಗಳ ಕಾಲದಿಂದ ಬಂದ ರಹಸ್ಯವಿದ್ಯೆ ಎನಿಸುತ್ತದೆ. ಆದರೆ ಹಳೆಯ ತೆತ್ಸುಬಿನ್‌ಗಳ ಬಣ್ಣ ಕಪ್ಪು, ಇಲ್ಲವೆ ಕಂದು. ಬಣ್ಣಬಣ್ಣದ ಕ್ಯೂಸುಗಳು ಹೆಚ್ಚಾಗಿ ಬಳಕೆಗೆ ಬಂದುದು 1990ರ ದಶಕದ ಈಚೆಗೆ, ಪ್ಯಾರಿಸ್ ನಗರದ ಚಹಾ ವರ್ತಕರ ಕೋರಿಕೆಯ ಮೇಲೆ. ಮೇಲಾಗಿ ಜಪಾನಿ ಭಾಷೆಯಲ್ಲಿ 'ಆಓ' ಎಂಬ ಒಂದೇ ಹಳೆಯ ಮಾತು ನೀಲಿಗೂ ಹಸುರಿಗೂ ಸಲ್ಲುತ್ತದೆ. ರಸ್ತೆಯ ಹಸುರು ದೀಪವನ್ನು ಅವರು ಇಂದಿಗೂ 'ಆಓ' ಎಂದೇ ಕರೆಯುತ್ತಾರೆ. ನೀಲಿಗೊಂದು ಹಸುರಿಗೊಂದು ಎಂದು ಅರ್ಥವನ್ನು ಪಾಲು ಮಾಡಿಕೊಟ್ಟ ಚೀಟಿಯ ವಯಸ್ಸು ಎಷ್ಟೆಂಬುದನ್ನು ಇದರಿಂದಲೇ ಊಹಿಸಬಹುದು.

ಹಾಗಾದರೆ ಹಳೆಯ ಕಪ್ಪಿಗೆ ಅರ್ಥವಿಲ್ಲವೆ? ಉಂಟು, ಅದು ಚೀಟಿಯಲ್ಲಿ ಬರೆಯುವಂಥದಲ್ಲ. ಬಿಸಿಯಾದ ಪಾತ್ರೆಗೆ ಮೊದಲು 'ಉರುಶಿ' ಎಂಬ ಮರದ ಹಾಲನ್ನು ಸವರುತ್ತಾರೆ. ಅದರ ಮೇಲೆ 'ಓಹಗುರೊ' ಎಂಬ ದ್ರವವನ್ನು ಬಳಿಯುತ್ತಾರೆ. ಕಬ್ಬಿಣವನ್ನು ಹುಳಿಯಲ್ಲಿ ನೆನೆಯಿಟ್ಟು ತೆಗೆದ ನೀರಿಗೆ ಚಹದ ಕಷಾಯವನ್ನು ಕೂಡಿಸಿದರೆ ಈ ದ್ರವವಾಗುತ್ತದೆ. ನಮ್ಮ ಹಿಂದಿನವರು ಅಳಲೆಕಾಯಿಯ ರಸಕ್ಕೆ ಅನ್ನಭೇದಿಯನ್ನು ಹಾಕಿ ಮಸಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ: ಒಗರೂ ಕಬ್ಬಿಣವೂ ಕೂಡಿದರೆ ಕಪ್ಪು. ಆದರೆ 'ಓಹಗುರೊ' ಎಂಬ ಹೆಸರು ಬಂದುದು ಬೇರೆ ಕಡೆಯಿಂದ. ಜಪಾನಿನ ಮದುವೆಯಾದ ಹೆಂಗಸರು ಹಲ್ಲನ್ನು ಕಪ್ಪಾಗಿಸಿಕೊಳ್ಳುವ ಪದ್ಧತಿಯೊಂದಿತ್ತು; ಅದಕ್ಕೆ ಬಳಸುತ್ತಿದ್ದುದೂ ಇಂಥ ದ್ರವವೇ. 1870ರಲ್ಲಿ ಸರಕಾರ ಕುಲೀನ ಮನೆತನಗಳಲ್ಲಿ ಅದನ್ನು ನಿಷೇಧಿಸಿತು. ಕ್ರಮೇಣ ಪದ್ಧತಿ ಅಳಿಯಿತು. ಮುತ್ತೈದೆಯ ಬಾಯಿಂದ ಹೋದ ಬಣ್ಣ ಚಹದ ಪಾತ್ರೆಯ ಮೈಮೇಲೆ ಉಳಿಯಿತು.

ಬಣ್ಣಕ್ಕೆ ಅರ್ಥ ಬರುವುದು ಸಂದರ್ಭದಿಂದ. ಜಪಾನಿನಲ್ಲಿ ಮದುವಣಗಿತ್ತಿಯ ಉಡುಪು ಬಿಳಿ, ಹೆಣಕ್ಕೆ ಉಡಿಸುವುದೂ ಬಿಳಿ. ತೊಂಬತ್ತೊಂಬತ್ತು ತುಂಬಿದವರ ಹಬ್ಬಕ್ಕೂ ಬಿಳಿಯದೇ ಹೆಸರು. ಏಕೆಂದರೆ 'ನೂರು' ಎಂಬ ಅಕ್ಷರದಿಂದ 'ಒಂದು' ಎಂಬ ಗೆರೆಯನ್ನು ತೆಗೆದರೆ ಉಳಿಯುವುದು 'ಬಿಳಿ' ಎಂಬ ಅಕ್ಷರ. ಕೆಂಪು ಬರುವುದು ಅರವತ್ತನೆಯ ವರ್ಷಕ್ಕೆ. ನಮ್ಮ ಪ್ರಭವ ವಿಭವಾದಿ ಸಂವತ್ಸರಗಳ ಹಾಗೆ ಅವರಲ್ಲಿಯೂ ಅರವತ್ತು ವರ್ಷಗಳ ಚಕ್ರವುಂಟು. ಅದು ಒಂದು ಸುತ್ತು ಮುಗಿದಾಗ ಮನುಷ್ಯ ಮತ್ತೆ ಹುಟ್ಟಿದಂತೆ ಎಂದೆಣಿಸಿ, ಎಳೆಯ ಮಗುವಿಗೆ ತೊಡಿಸುವಂತೆ ಕೆಂಪು ಅಂಗಿಯನ್ನು ತೊಡಿಸುತ್ತಾರೆ. ಕೆಂಪು ಕೆಡುಕನ್ನು ದೂರವಿಡುತ್ತದೆಂದು ನಂಬಿಕೆ.

ಈ ಕೊನೆಯ ಸಂಗತಿ ನನಗೆ ಗೊತ್ತಾದುದು ಪುಸ್ತಕದಿಂದಲ್ಲ, ನಮ್ಮ ಮನೆಯ ನಡುಮನೆಯಲ್ಲಿ. ನನ್ನ ಚಿಕ್ಕಪ್ಪನವರು ಬಿಡದಿಯ ಕಾರಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾರೆ. 2017ರಲ್ಲಿ ಮೂರು ತಿಂಗಳ ತರಬೇತಿಗೆಂದು ಜಪಾನಿಗೆ ಹೋಗಿದ್ದವರು ಹಿಂತಿರುಗುವಾಗ ಅಜ್ಜಿಗೆಂದು ಒಂದು ಕ್ಯೂಸುವನ್ನು ತಂದರು. ಅಚ್ಚ ಕೆಂಪು ಬಣ್ಣ. ಒಂದು ಮಗ್ಗುಲಲ್ಲಿ ಎರಡು ಸಾರಸಗಳು, ಇನ್ನೊಂದರಲ್ಲಿ ಆಮೆ. ಅಜ್ಜಿಗೆ ಆಗ ಎಪ್ಪತ್ತೆಂಟು. ಅವರು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಕಬ್ಬಿಣವೇನೋ? ಶನಿವಾರ ಕೊಳ್ಳಲಿಲ್ಲ ತಾನೆ?" ಎಂದರು. ಶನಿವಾರವೋ ಅಲ್ಲವೋ ಚಿಕ್ಕಪ್ಪನಿಗೆ ನೆನಪಿರಲಿಲ್ಲ. ಬಳಿಕ ಅಜ್ಜಿ ಬಣ್ಣವನ್ನು ದಿಟ್ಟಿಸಿ ನೋಡಿ, ಅದನ್ನು ಮೆಲ್ಲನೆ ಚಿಕ್ಕಮ್ಮನ ಕಡೆಗೆ ಸರಿಸಿದರು. "ನನಗೇಕಪ್ಪ ಕೆಂಪು? ನಿನ್ನ ಹೆಂಡತಿ ಇಟ್ಟುಕೊಳ್ಳಲಿ" ಎಂದರು.

ತಾತ ತೀರಿಕೊಂಡದ್ದು ಅಜ್ಜಿಗೆ ನಲವತ್ತೊಂದು ವರ್ಷವಾಗಿದ್ದಾಗ. ಅಂದಿನಿಂದ ಅವರು ಹಣೆಗೆ ಕುಂಕುಮವಿಟ್ಟವರಲ್ಲ, ಕೆಂಪು ಸೀರೆ ಉಟ್ಟವರಲ್ಲ. ಯಾರೂ ಎದುರಿಗೆ ನಿಂತು ಬೇಡವೆಂದಿರಲಿಲ್ಲ. ಇಟ್ಟುಕೋ ಎಂದವರೂ ಇರಲಿಲ್ಲ. ನಡುಮನೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಪ್ಪನವರು, "ಅಮ್ಮ, ಆ ದೇಶದಲ್ಲಿ ಅರವತ್ತು ತುಂಬಿದವರಿಗೆ, ಗಂಡಸಾಗಲಿ ಹೆಂಗಸಾಗಲಿ, ಕೆಂಪು ಅಂಗಿಯನ್ನೇ ತೊಡಿಸುತ್ತಾರಂತೆ. ಗಂಡ ಇದ್ದಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಅರವತ್ತಾದರೆ ಮತ್ತೆ ಮಗುವಾದ ಹಾಗಂತೆ" ಎಂದರು. ಅಜ್ಜಿ ಬಹಳ ಹೊತ್ತು ಪಾತ್ರೆಯನ್ನೇ ನೋಡುತ್ತಿದ್ದು, "ಹಾಗಾದರೆ ನನಗೀಗ ಹದಿನೆಂಟು ಅನ್ನು" ಎಂದು ನಕ್ಕು, ಅದನ್ನು ಮಡಿಲಿಗೆ ಎಳೆದುಕೊಂಡರು. ಅಂದು ಸಂಜೆಯಿಂದ ಅವರ ಶುಂಠಿ ಕಷಾಯ ಆ ಪಾತ್ರೆಯಿಂದಲೇ ಲೋಟಕ್ಕೆ ಇಳಿಯಬೇಕು. ಒಲೆಯ ಮೇಲೆ ಇಡಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ ಎಂದು ಮನೆಯವರಿಗೆಲ್ಲ ಅವರೇ ಕಾವಲು.

ಅಜ್ಜಿ 2019ರ ಮಾರ್ಗಶಿರದಲ್ಲಿ, ಎಂಬತ್ತಕ್ಕೆ ಕಾಲಿಟ್ಟಾಗ, ತೀರಿಕೊಂಡರು. ಹನ್ನೆರಡನೆಯ ದಿನ ಕಳೆದ ಮೇಲೆ ಚಿಕ್ಕಪ್ಪನ ಮಗಳು, ಏಳು ವರ್ಷದವಳು, ಆ ಪಾತ್ರೆಯನ್ನು ಮುಂದಿಟ್ಟುಕೊಂಡು, "ಈ ಆಮೆ ಹತ್ತು ಸಾವಿರ ವರ್ಷ ಅಂತ ಅಪ್ಪ ಹೇಳಿದ್ದರಲ್ಲ, ಮತ್ತೆ ಅಜ್ಜಿ ಯಾಕೆ ಹೋದರು? ಆಮೆ ಸುಳ್ಳು ಹೇಳಿತಾ?" ಎಂದು ನನ್ನನ್ನು ಕೇಳಿದಳು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಪಾತ್ರೆಗಳ ಚರಿತ್ರೆಯನ್ನು ಹುಡುಕಿ ಓದತೊಡಗಿದ್ದು ಆ ಬಳಿಕವೇ.

ಓದಿದಾಗ ಆ ಪ್ರಶ್ನೆ ಇನ್ನೂ ದೊಡ್ಡದಾಯಿತು. ಚೀನಾದೊಡನೆ ನಡೆದ ಯುದ್ಧದಲ್ಲಿ ಲೋಹ ಸಾಲದಾಗಿ, 1941ರಲ್ಲಿ ಜಪಾನ್ ಸರಕಾರ ಲೋಹ ಸಂಗ್ರಹದ ಆಜ್ಞೆಯನ್ನು ಹೊರಡಿಸಿತು. ದೇವಾಲಯಗಳ ಗಂಟೆಗಳು ಇಳಿದವು. ಬೇಲಿಯ ಸರಳುಗಳು ಹೋದವು. ಮನೆಮನೆಯ ಒಲೆಯ ಮೇಲಿದ್ದ ಕಬ್ಬಿಣದ ಪಾತ್ರೆಗಳೂ ಹೊರಟವು. ಸಾವಿರ ವರ್ಷದ ಸಾರಸ, ಹತ್ತು ಸಾವಿರ ವರ್ಷದ ಆಮೆ, ಚಳಿಗೆ ಮಣಿಯದ ಪೈನ್ ಮರ ಎಲ್ಲವೂ ಮೂಸೆಯಲ್ಲಿ ಒಂದೇ ದ್ರವವಾಗಿ ಯುದ್ಧದ ಕೆಲಸಕ್ಕೆ ಒದಗಿದವು. ಹಿಂದೆಗೆಯದ ಜಯದ ಹುಳುವೂ ಕರಗಿತು. 1945ರಲ್ಲಿ ದೇಶವೇ ಸೋತಿತು. ಚಿಹ್ನೆಗಳಿಗೆ ಶಕ್ತಿಯಿದ್ದಿದ್ದರೆ ಮೊದಲು ತಮ್ಮನ್ನು ತಾವು ಉಳಿಸಿಕೊಳ್ಳಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಹಗುರವಾದ ಅಲ್ಯುಮಿನಿಯಂ ಪಾತ್ರೆಗಳು ಬಂದು ಉಳಿದ ಕುಶಲಿಗಳ ಹೊಟ್ಟೆಯ ಮೇಲೆ ಹೊಡೆದವು.

ಆದರೂ ಆ ಕುಶಲಿಗಳು ಕೈ ಬಿಡಲಿಲ್ಲ. 1975ರಲ್ಲಿ ನಾಂಬು ಕಬ್ಬಿಣದ ಪಾತ್ರೆಗಳಿಗೆ ಸಾಂಪ್ರದಾಯಿಕ ಕರಕುಶಲವೆಂಬ ಸರಕಾರಿ ಮನ್ನಣೆ ದೊರೆಯಿತು. ಆಮೆ ಮತ್ತೆ ಅಚ್ಚಿನೊಳಗೆ ಹುಟ್ಟಿತು. ಕರಗಿ ಹೋದುದನ್ನು ಕಣ್ಣಾರೆ ಕಂಡ ಕೈಗಳೇ ಪುನಃ ಆ ಹತ್ತು ಸಾವಿರ ವರ್ಷಗಳ ಚಿತ್ರವನ್ನು ಒತ್ತಿದುವಲ್ಲ, ಅವು ಏನೂ ತಿಳಿಯದ ಮುಗ್ಧ ಕೈಗಳೇ? ಇದನ್ನು ಯೋಚಿಸುತ್ತಿದ್ದಾಗ ನನಗೆ ನೆನಪಾದುದು ಅಜ್ಜಿಯ ಆಶೀರ್ವಾದ. ಕಾಲಿಗೆರಗಿದ ಹೊಸ ಮದುಮಗಳಿಗೆಲ್ಲ ಅವರು ಬಾಯಿ ತುಂಬ "ದೀರ್ಘಸುಮಂಗಲಿಯಾಗು" ಎನ್ನುತ್ತಿದ್ದರು. ಆ ಮಾತು ಎಷ್ಟು ದೂರ ನಡೆಯುತ್ತದೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವರಿಗೂ ಒಂದು ಕಾಲಕ್ಕೆ ಯಾರೋ ಹಿರಿಯರು ಅದೇ ಮಾತನ್ನು ಹೇಳಿದ್ದರಲ್ಲವೆ? ಆದರೂ ಅವರ ದನಿ ಎಂದೂ ಅಳುಕಿದ್ದಿಲ್ಲ. ಊರಿಂದ ಬರುವ ಕಾಗದದಲ್ಲಿ ನಮ್ಮ ಹೆಸರಿನ ಹಿಂದೆ 'ಚಿರಂಜೀವಿ' ಎಂದು ಬರೆಯುವ ಹಿರಿಯರಿಗೂ ಯಾರೂ ಚಿರಂಜೀವಿಗಳಲ್ಲವೆಂಬುದು ತಿಳಿದೇ ಇದೆ. ತಿಳಿದಿರುವುದರಿಂದಲೇ ಬರೆಯುತ್ತಾರೆ. ಬಾಳು ನಿಶ್ಚಯವಾಗಿದ್ದರೆ ಯಾರು ಯಾರನ್ನು ಹರಸಬೇಕಾಗಿತ್ತು?

ಹಾರೈಕೆಯನ್ನು ನ್ಯಾಯಾಲಯದ ಕರಾರಿನಂತೆ ಓದುವುದು ಸರಿಯಲ್ಲ. ಆಮೆಯ ಚಿತ್ರ ಅಜ್ಜಿಗೆ ಹತ್ತು ಸಾವಿರ ವರ್ಷವನ್ನು ಕೊಡಲಿಲ್ಲ. ನೀವು ಇನ್ನಷ್ಟು ದಿನ ಇರಬೇಕೆಂದು ಒಬ್ಬ ಮಗ ಬಯಸಿದ್ದಾನೆಂಬ ಸಂಗತಿಯನ್ನು ಎರಡು ವರ್ಷ ಪ್ರತಿ ಸಂಜೆಯೂ ಅವರಿಗೆ ಹೇಳಿತು. ಆ ಕೆಂಪು ಬಣ್ಣವಂತೂ ಹಳೆಯ ಸಂಪ್ರದಾಯವಲ್ಲ, ಪ್ಯಾರಿಸ್ಸಿನ ಗಿರಾಕಿಗಳಿಗಾಗಿ ಮೊನ್ನೆ ಮೊನ್ನೆ ಕಲಸಿದ್ದು. ಆದರೆ ನಮ್ಮೂರಿನ ಸಂಪ್ರದಾಯ ಒಬ್ಬ ಹೆಂಗಸಿನಿಂದ ಮೂವತ್ತೇಳು ವರ್ಷ ದೂರವಿಟ್ಟಿದ್ದ ಬಣ್ಣವನ್ನು ಅದು ಮಡಿಲಿಗೆ ತಂದು ಹಾಕಿತು. ಹಳೆಯ ಅರ್ಥವೆಲ್ಲ ಪವಿತ್ರ, ಹೊಸ ಅರ್ಥವೆಲ್ಲ ವ್ಯಾಪಾರ ಎಂದು ಗೆರೆ ಎಳೆದು ಹೇಳುವ ಧೈರ್ಯ ನನಗಿಲ್ಲ. ಬಣ್ಣ ಕೊಟ್ಟವರು ಏನನ್ನು ಎಣಿಸಿದ್ದರೋ ತಿಳಿಯದು; ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದರ ಮೇಲೆ ಅದರ ಅರ್ಥ ನಿಂತಿದೆ.

ನನ್ನ ತಂಗಿಗೆ ಈಗ ಇಷ್ಟೆಲ್ಲವನ್ನೂ ತಿಳಿದುಕೊಳ್ಳುವ ವಯಸ್ಸು ಬರುತ್ತಿದೆ. ಆಮೆ ಸುಳ್ಳು ಹೇಳಲಿಲ್ಲ, ಅದು ಹೇಳಿದ್ದು ನಿನ್ನ ಅಪ್ಪನ ಆಸೆಯನ್ನು ಎಂದು ಅವಳಿಗೆ ಹೇಳಬೇಕೆಂದಿದ್ದೇನೆ. ಹಾಗೆಯೇ ಮಾರುವವರ ಆ ಚೀಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದರೆ, ಬಣ್ಣಗಳ ಪಟ್ಟಿಯನ್ನೆಲ್ಲ ಹೊಡೆದುಹಾಕಿ ಒಂದೇ ಸಾಲು ಬರೆದೇನು: "ಇದರ ಅರ್ಥವನ್ನು ಕೊಡುವವರು ಬಾಯಿಬಿಟ್ಟು ಹೇಳತಕ್ಕದ್ದು."